ಬಿಡುವಿನ ವೇಳೆಯ ನಿಸರ್ಗಾಧ್ಯಯನ

ಮನುಷ್ಯನ ಜೀವನೋಪಾಯದ ಉದ್ಯೋಗ ಒಂದಾದರೆ ಮನಸ್ಸಿನ ಒಲವು ಮತ್ತೊಂದಾಗಿರುವುದುಂಟು. ಉದ್ಯೋಗಕ್ಕಾಗಿ ಒಲವನ್ನು ತೊರೆಯದೆ, ಒಲವಿಗಾಗಿ ಉದ್ಯೋಗವನ್ನು ಕಡೆಗಣಿಸದೆ ಎರಡನ್ನೂ ನಡೆಸಿಕೊಂಡು ಬಂದವರು ಲೋಕದ ಜ್ಞಾನಕ್ಕೆ ದೊಡ್ಡ ಕಾಣಿಕೆಯನ್ನು ಸಲ್ಲಿಸಿದ್ದಾರೆ. ಪ್ರಾಣಿ ಪಕ್ಷಿಗಳನ್ನು ಕುರಿತು ಇಂದು ತಿಳಿದಿರುವುದರಲ್ಲಿ ಬಹುಭಾಗ ಇಂಥವರು ಕೂಡಿಟ್ಟದ್ದೇ ಆಗಿದೆ. ಅವರಲ್ಲಿ ಸೈನಿಕರಿದ್ದರು, ಅರಣ್ಯಾಧಿಕಾರಿಗಳಿದ್ದರು, ಉಪಾಧ್ಯಾಯರಿದ್ದರು, ಬೇಸಾಯಗಾರರಿದ್ದರು. ಕೆಲವೆಡೆ ಒಂದೇ ಮನೆಯ ಇಬ್ಬರು ಈ ಕಾರ್ಯವನ್ನು ಹಂಚಿಕೊಂಡರು. ಒಬ್ಬರು ಛಾಯಾಚಿತ್ರವನ್ನು ತೆಗೆದರೆ ಇನ್ನೊಬ್ಬರು ಕಂಡದ್ದನ್ನು ಬರೆದಿಟ್ಟರು. ಚಿತ್ರ ಮತ್ತು ಬರಹ ಹೀಗೆ ಜೊತೆಗೂಡಿದಾಗ ಬಿಡುವಿನ ವೇಳೆಯ ಹವ್ಯಾಸವು ಶಾಸ್ತ್ರೀಯ ಅಧ್ಯಯನದ ಮಟ್ಟಕ್ಕೆ ಏರಬಲ್ಲದು.

ಇಂಥ ಅಧ್ಯಯನಕ್ಕೆ ಬೆಳಗಾವಿ ನಗರವು ಬಹಳ ಅನುಕೂಲವಾದ ನೆಲೆ. ಇಲ್ಲಿಂದ ತೆಂಕಣ ದಿಕ್ಕಿಗೆ ಸುಮಾರು 26 ಕಿಲೋಮೀಟರು ಸಾಗಿದರೆ ಮಲಪ್ರಭೆಯ ದಡದಲ್ಲಿರುವ ಖಾನಾಪುರ ಸಿಗುತ್ತದೆ. ಖಾನಾಪುರದಿಂದ ಪಡುವಣಕ್ಕೆ ಹೋದಂತೆ ಹೊಲಗದ್ದೆಗಳು ಹಿಂದೆ ಸರಿದು ಸಹ್ಯಾದ್ರಿಯ ದಟ್ಟ ಕಾಡು ಎದುರಾಗುತ್ತದೆ. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ, ಮೂಡಣಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹಾದಾಯಿ ಪಡುವಣಕ್ಕೆ ಹರಿದು, ಗೋವೆಯನ್ನು ಹಾಯ್ದು, ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದೇ ಬೆಟ್ಟಸಾಲಿನಿಂದ ಎರಡು ಕಡಲುಗಳಿಗೆ ನೀರು ಹರಿದುಹೋಗುವ ನಾಡು ಇದು. ಘಟ್ಟದ ನೆತ್ತಿಯಲ್ಲಿ ಸುರಿಯುವ ಭಾರಿ ಮಳೆ ಮೂಡಣಕ್ಕೆ ಬಂದಂತೆಲ್ಲ ಬೇಗಬೇಗನೆ ಕಡಿಮೆಯಾಗುತ್ತದೆ. ಆದುದರಿಂದ ಕೆಲವೇ ಹರದಾರಿಗಳ ಅಂತರದಲ್ಲಿ ನಿತ್ಯಹರಿದ್ವರ್ಣದ ಕಾಡು, ಎಲೆಯುದುರುವ ಕಾಡು, ಕುರುಚಲು ಗುಡ್ಡ, ಬಯಲುಸೀಮೆಯ ಹೊಲ ಇವೆಲ್ಲವೂ ಕಾಣಸಿಗುತ್ತವೆ. ಪ್ರತಿಯೊಂದು ನೆಲೆಯಲ್ಲಿಯೂ ಬೇರೆ ಬೇರೆ ಜೀವಿಗಳ ವಾಸವಿದೆ. ವಾರದ ಆರು ದಿನ ಕಚೇರಿಯಲ್ಲಿಯೋ ಶಾಲೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ದುಡಿಯುವವರು ಏಳನೆಯ ದಿನ ನಸುಕಿನಲ್ಲಿ ಹೊರಟು ಇದರ ಒಂದು ಭಾಗವನ್ನು ನೋಡಿ ಸಂಜೆಯೊಳಗೆ ಮನೆಗೆ ಮರಳಬಹುದು.

ಬೆಳಗಾವಿಯಲ್ಲಿ ಈ ಪರಂಪರೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕ್ಯಾಪ್ಟನ್ ಇ. ಎ. ಬಟ್ಲರ್ ಎಂಬ ಸೇನಾಧಿಕಾರಿ ಇಲ್ಲಿನ ದಂಡಿನಲ್ಲಿದ್ದನು. ಆತನ ವೃತ್ತಿ ಸೈನಿಕನದು. ಒಲವು ಮಾತ್ರ ಹಕ್ಕಿಗಳ ಕಡೆಗೆ. ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಒಂದು ಪಟ್ಟಿಯನ್ನು ಆತನು ಸಿದ್ಧಪಡಿಸಿದನು. ಅದು 1881ರಲ್ಲಿ ಎ. ಒ. ಹ್ಯೂಮ್ ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪತ್ರಿಕೆಯನ್ನು ನಡೆಸುತ್ತಿದ್ದ ಹ್ಯೂಮನೂ ಸರ್ಕಾರಿ ಆಡಳಿತಗಾರನಾಗಿದ್ದವನೇ. ಬೆಳಗಾವಿಯ ಸುತ್ತಮುತ್ತ ಆ ಕಾಲದಲ್ಲಿ ಯಾವ ಹಕ್ಕಿಗಳಿದ್ದವು ಎಂಬುದನ್ನು ತಿಳಿಯಬೇಕಾದವರು ಇಂದಿಗೂ ಆ ಪಟ್ಟಿಯ ಮೊರೆಹೋಗಬೇಕಾಗುತ್ತದೆ. ಬರೆದಿಟ್ಟವನ ಉದ್ಯೋಗ ಮುಗಿದುಹೋಯಿತು; ಬಿಡುವಿನಲ್ಲಿ ಮಾಡಿದ ಕೆಲಸ ಮಾತ್ರ ಉಳಿಯಿತು.

ಖಾನಾಪುರದ ಕಾಡಿಗೆ ವಿಜ್ಞಾನಲೋಕದಲ್ಲಿ ಒಂದು ವಿಶೇಷವಾದ ಸ್ಥಾನವಿದೆ. ಅದಕ್ಕೆ ಕಾರಣ ಒಂದು ಬಾವಲಿ. 1883ರಲ್ಲಿ ಸ್ಥಾಪನೆಯಾದ ಬೊಂಬಾಯಿ ನಿಸರ್ಗಚರಿತ್ರೆ ಸಂಘವು ಭಾರತದ ಸಸ್ತನಿಗಳ ಸಮೀಕ್ಷೆಯನ್ನು ಕೈಗೊಂಡಿದ್ದ ಕಾಲದಲ್ಲಿ, ತಾಲ್ಲೂಕಿನ ತಳೇವಾಡಿಯ ಸಮೀಪದ ಬಾರಾಪೇಡೆ ಗುಹೆಯಲ್ಲಿ ಅದುವರೆಗೆ ಯಾರೂ ವರ್ಣಿಸದಿದ್ದ ಒಂದು ಬಾವಲಿ ದೊರೆಯಿತು. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬ ವಿಜ್ಞಾನಿ ಅದನ್ನು ವರ್ಣಿಸಿ, ನಿವೃತ್ತ ಅರಣ್ಯಾಧಿಕಾರಿಯೂ ಸಸ್ತನಿಗಳ ಅಧ್ಯಯನಕಾರನೂ ಆಗಿದ್ದ ಆರ್. ಸಿ. ರಾಟನ್ ಎಂಬಾತನ ಹೆಸರನ್ನು ಅದಕ್ಕೆ ಇಟ್ಟನು. ದೊಡ್ಡ ಕಿವಿಗಳು, ತೊಗಲಿನ ಅಂಚನ್ನು ಮೀರಿ ಹೊರಚಾಚಿದ ಬಾಲ, ಕಡುಕಂದು ಮೈ, ಕತ್ತಿನ ಹಿಂಭಾಗದಲ್ಲಿ ಬೂದುಬಿಳುಪು, ಇವು ಆ ಬಾವಲಿಯ ಗುರುತುಗಳು. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಈ ಗುಹೆಯನ್ನು ಬಿಟ್ಟು ಜಗತ್ತಿನ ಬೇರಾವ ಕಡೆಯಲ್ಲಿಯೂ ಅದು ವಾಸಿಸುವುದು ತಿಳಿದಿರಲಿಲ್ಲ. ಅನಂತರವೇ ಮೇಘಾಲಯದಲ್ಲಿಯೂ ಕಾಂಬೋಡಿಯಾದಲ್ಲಿಯೂ ಅದು ಕಂಡುಬಂದಿತು.

ಅಂದಿನ ನಿಸರ್ಗವೀಕ್ಷಕರು ಜೀವಿಗಳನ್ನು ದಾಖಲಿಸುತ್ತಿದ್ದ ವಿಧಾನ ಇಂದಿನದಕ್ಕಿಂತ ಬೇರೆಯಾಗಿತ್ತು. ಹಕ್ಕಿಯನ್ನು ಗುಂಡಿಟ್ಟು ಕೊಂದು, ಅದರ ಚರ್ಮವನ್ನು ಸುಲಿದು ಒಣಗಿಸಿ, ಅದಕ್ಕೆ ಒಂದು ಚೀಟಿ ಕಟ್ಟಿ, ಸಿಕ್ಕಿದ ಸ್ಥಳ ಮತ್ತು ದಿನಾಂಕಗಳನ್ನು ಬರೆಯುತ್ತಿದ್ದರು. ಕೊಲ್ಲದೆ ದಾಖಲಿಸುವ ದಾರಿಯನ್ನು ತೋರಿದ್ದು ಕ್ಯಾಮೆರಾ. ಆದರೆ ಬಂದೂಕಿನ ಬದಲಿಗೆ ಕ್ಯಾಮೆರಾ ಬಂದ ಮಾತ್ರಕ್ಕೆ ಚೀಟಿಯ ಅಗತ್ಯ ತಪ್ಪಲಿಲ್ಲ. ಸ್ಥಳವೂ ದಿನಾಂಕವೂ ಇಲ್ಲದ ಚರ್ಮ ಹೇಗೆ ಅಧ್ಯಯನಕ್ಕೆ ಬಾರದೋ ಹಾಗೆಯೇ ವಿವರವಿಲ್ಲದ ಚಿತ್ರವೂ ನೋಡಲು ಸೊಗಸಾದ ವಸ್ತುವಾಗಿ ಮಾತ್ರ ಉಳಿಯುತ್ತದೆ. ಚಿತ್ರದ ಪಕ್ಕದಲ್ಲಿ ಬರಹ ನಿಲ್ಲಲೇಬೇಕಾದುದು ಈ ಕಾರಣದಿಂದ.

ಇವೆರಡನ್ನೂ ಜೊತೆಗೂಡಿಸಿದವರಲ್ಲಿ ಇಂಗ್ಲೆಂಡಿನ ಕೀರ್ಟನ್ ಸಹೋದರರು ಮೊದಲಿಗರ ಸಾಲಿಗೆ ಸೇರಿದವರು. ಅಣ್ಣ ರಿಚರ್ಡ್, ತಮ್ಮ ಚೆರಿ ಇಬ್ಬರೂ ಲಂಡನ್ನಿನ ಒಂದು ಪ್ರಕಾಶನ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದರು. ರಜೆಯ ದಿನಗಳಲ್ಲಿ ಬಂಡೆಗಳನ್ನೂ ಮರಗಳನ್ನೂ ಹತ್ತಿ ಚೆರಿ ಹಕ್ಕಿಗೂಡುಗಳ ಚಿತ್ರಗಳನ್ನು ತೆಗೆದನು. ರಿಚರ್ಡ್ ಅವುಗಳ ವಿವರವನ್ನು ಬರೆದನು. ಬ್ರಿಟನ್ನಿನ ಹಕ್ಕಿಗಳ ಗೂಡುಗಳನ್ನು ಕುರಿತ ಅವರ ಗ್ರಂಥ 1895ರಲ್ಲಿ ಹೊರಬಂದಿತು. ಅದರ ಚಿತ್ರಗಳೆಲ್ಲವೂ ಕೈಯಿಂದ ಬರೆದವುಗಳಾಗಿರದೆ ನಿಸರ್ಗದಲ್ಲಿಯೇ ತೆಗೆದ ಛಾಯಾಚಿತ್ರಗಳಾಗಿದ್ದುದು ಆ ಕಾಲಕ್ಕೆ ಹೊಸ ಸಂಗತಿ. ಹಕ್ಕಿಗಳಿಗೆ ಅಂಜಿಕೆಯಾಗದಂತೆ ಅವುಗಳ ಸಮೀಪದಲ್ಲಿರಲು ಅವರು ಎತ್ತಿನ ಟೊಳ್ಳು ಬೊಂಬೆಯನ್ನು ಮಾಡಿಸಿ ಅದರೊಳಗೆ ಅಡಗಿ ಕುಳಿತದ್ದೂ ಉಂಟು.

ಭಾರತದಲ್ಲಿ ಪಕ್ಷಿವಿಜ್ಞಾನಕ್ಕೆ ಬುನಾದಿ ಹಾಕಿದ ಡಾ. ಸಲೀಂ ಅಲಿಯವರ ಬಾಳಿನಲ್ಲಿ ಅವರ ಪತ್ನಿ ತೆಹಮೀನಾ ಅವರ ಪಾತ್ರ ದೊಡ್ಡದು. 1918ರಲ್ಲಿ ವಿವಾಹವಾದ ಈ ದಂಪತಿಗಳು ಪಕ್ಷಿಸಮೀಕ್ಷೆಯ ಪ್ರವಾಸಗಳಲ್ಲಿ ಡೇರೆಯ ಜೀವನದ ಕಷ್ಟಗಳನ್ನು ಜೊತೆಯಾಗಿ ಅನುಭವಿಸಿದರು. ಸಲೀಂ ಅಲಿಯವರ ಇಂಗ್ಲಿಷ್ ಗದ್ಯವು ತಿಳಿಯಾಗಿ ಹದಗೊಳ್ಳುವುದಕ್ಕೆ ತೆಹಮೀನಾ ನೆರವಾದರು. 1939ರಲ್ಲಿ ಆಕೆ ತೀರಿಕೊಂಡರು. ಭಾರತೀಯ ಪಕ್ಷಿಗಳನ್ನು ಕುರಿತ ಸಲೀಂ ಅಲಿಯವರ ಪ್ರಸಿದ್ಧ ಗ್ರಂಥ ಪ್ರಕಟವಾದುದು ಎರಡು ವರ್ಷಗಳ ಅನಂತರ, 1941ರಲ್ಲಿ. ಮುಖಪುಟದಲ್ಲಿ ಹೆಸರು ಒಬ್ಬರದಿದ್ದರೂ ಅದರ ಹಿಂದೆ ಇಬ್ಬರ ಶ್ರಮವಿರುವುದುಂಟು ಎಂಬುದಕ್ಕೆ ಇದು ನಿದರ್ಶನ.

ಕರ್ನಾಟಕದಲ್ಲಿಯೂ ಇಂಥ ಉದಾಹರಣೆಗಳಿಗೆ ಕೊರತೆಯಿಲ್ಲ. ನಿಸರ್ಗಲೇಖಕರೂ ಛಾಯಾಗ್ರಾಹಕರೂ ಆಗಿದ್ದ ಎಂ. ಕೃಷ್ಣನ್ ಅವರು 1942ರಿಂದ 1949ರವರೆಗೆ ಸಂಡೂರು ಸಂಸ್ಥಾನದ ಸೇವೆಯಲ್ಲಿದ್ದರು. ಉಪಾಧ್ಯಾಯರಾಗಿ, ನ್ಯಾಯಾಧೀಶರಾಗಿ, ಆಡಳಿತದ ಇತರ ಹುದ್ದೆಗಳಲ್ಲಿ ದುಡಿಯುತ್ತಲೇ ಅವರು ಸುತ್ತಲಿನ ಗುಡ್ಡಗಾಡಿನ ಜೀವಿಗಳನ್ನು ಗಮನಿಸಿದರು. ಮುಂದೆ 1950ರಿಂದ 1996ರಲ್ಲಿ ನಿಧನರಾಗುವವರೆಗೂ ‘ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ನಿಸರ್ಗವನ್ನು ಕುರಿತ ಅಂಕಣವನ್ನು ಬರೆದರು. ಅದೇ ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು 1970ರ ದಶಕದಲ್ಲಿ ರಾಜ್ಯದ ಅರ್ಥಸಚಿವರಾಗಿದ್ದು, ವನ್ಯಜೀವಿ ಛಾಯಾಗ್ರಾಹಕರೆಂದು ಹೊರನಾಡುಗಳಲ್ಲಿಯೂ ಹೆಸರಾದರು.

ಮೂಡಿಗೆರೆಯ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ಮನೆತನದ ಚಿತ್ರ ಇನ್ನೂ ಹತ್ತಿರದ್ದು. ಕಾಫಿ ತೋಟದ ಬೇಸಾಯ ಅವರ ಜೀವನೋಪಾಯ. ಬರವಣಿಗೆ ಮತ್ತು ಹಕ್ಕಿಗಳ ಛಾಯಾಗ್ರಹಣ ಅವರ ಬಾಳಿನ ಒಲವು. 1966ರಲ್ಲಿ ಅವರನ್ನು ವಿವಾಹವಾದ ರಾಜೇಶ್ವರಿಯವರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಓದಿದವರು. ತೋಟದ ಬದುಕಿಗೆ ಬಂದು ಅದರಲ್ಲಿ ಅವರು ಸಮನಾದ ಪಾಲುಗಾರ್ತಿಯಾದರು. ಹಕ್ಕಿಯೊಂದಕ್ಕಾಗಿ ದಿನಗಟ್ಟಲೆ ಕಾಯುವ ವ್ಯಕ್ತಿಯಿರುವ ಮನೆಯಲ್ಲಿ ತೋಟ, ಮಕ್ಕಳು, ಬಂದುಹೋಗುವ ಅತಿಥಿಗಳು ಎಲ್ಲವನ್ನೂ ನೋಡಿಕೊಳ್ಳುವವರು ಇನ್ನೊಬ್ಬರು ಇರಲೇಬೇಕಾಗುತ್ತದೆ. ತೇಜಸ್ವಿಯವರು 2007ರಲ್ಲಿ ನಿಧನರಾದ ಮೇಲೆ ರಾಜೇಶ್ವರಿಯವರು ‘ನನ್ನ ತೇಜಸ್ವಿ’ ಎಂಬ ಗ್ರಂಥವನ್ನು ಬರೆದು ಆ ಬದುಕನ್ನು ದಾಖಲಿಸಿದರು. ಹಕ್ಕಿಗಳ ಚಿತ್ರವನ್ನು ತೆಗೆದವರ ಚಿತ್ರವು ಹೀಗೆ ಅಕ್ಷರಗಳಲ್ಲಿ ಉಳಿಯಿತು.

ಚಿತ್ರ ಮತ್ತು ಬರಹ ಒಂದಕ್ಕೊಂದು ಹೇಗೆ ಪೂರಕವಾಗುತ್ತವೆ ಎಂಬುದನ್ನು ತಿಳಿಯಲು ಖಾನಾಪುರದ ಕಾಡಿನ ಮಂಗಟ್ಟೆ ಹಕ್ಕಿಯನ್ನು ನೋಡಬಹುದು. ಹಾರ್ನ್‌ಬಿಲ್ ಎಂದು ಹಲವರು ಕರೆಯುವ ಈ ಹಕ್ಕಿಗೆ ಬಾಗಿದ ದೊಡ್ಡ ಕೊಕ್ಕಿದೆ. ಇದರ ಸಂಸಾರದ ರೀತಿ ವಿಚಿತ್ರವಾದುದು. ಗೂಡುಕಟ್ಟುವ ಕಾಲದಲ್ಲಿ ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಸೇರಿಕೊಂಡು, ಮಣ್ಣು, ಹಿಕ್ಕೆ, ಹಣ್ಣಿನ ತಿರುಳುಗಳಿಂದ ಬಾಯಿಯನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಹೆಣ್ಣು ಮೊಟ್ಟೆಯಿಟ್ಟು ಕಾವು ಕೊಡುತ್ತದೆ. ಅದರ ರೆಕ್ಕೆಯ ಗರಿಗಳೂ ಉದುರುತ್ತವೆ. ಹೀಗೆ ವಾರಗಟ್ಟಲೆ ಹೆಣ್ಣಿಗೂ ಅನಂತರ ಮರಿಗೂ ಆಹಾರವನ್ನು ತಂದೊದಗಿಸುವ ಹೊಣೆ ಗಂಡಿನದು. ಅತ್ತಿ ಆಲಗಳ ಜಾತಿಯ ಹಣ್ಣುಗಳನ್ನು ಗಂಟಲಿನಲ್ಲಿ ತುಂಬಿಕೊಂಡು ಬಂದು, ಒಂದೊಂದನ್ನಾಗಿ ಹೊರತೆಗೆದು ಸೀಳಿನ ಮೂಲಕ ಒಳಗೆ ನೀಡುತ್ತದೆ.

ಬೆಳಗಾವಿಯಲ್ಲಿ ಉದ್ಯೋಗದಲ್ಲಿರುವ ಗಂಡಹೆಂಡಿರಿಬ್ಬರು ಇಂಥ ಗೂಡೊಂದನ್ನು ದೂರದಿಂದ ನೋಡಲು ಕುಳಿತರೆಂದು ಭಾವಿಸೋಣ. ದಟ್ಟವಾದ ಕಾಡಿನಲ್ಲಿ ಬೆಳಕು ಕಡಿಮೆ. ಹಕ್ಕಿ ರೆಕ್ಕೆ ಬಡಿಯುವ ವೇಗವನ್ನು ಹಿಡಿದು ನಿಲ್ಲಿಸಲು ಕ್ಯಾಮೆರಾದ ಕವಾಟವು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಅಲ್ಪಕಾಲ ಮಾತ್ರ ತೆರೆಯಬೇಕಾಗುತ್ತದೆ. ಆದುದರಿಂದ ಕ್ಯಾಮೆರಾ ಹಿಡಿದವರ ಗಮನವೆಲ್ಲ ಬೆಳಕಿನಲ್ಲಿಯೂ ಆ ಒಂದು ಕ್ಷಣದಲ್ಲಿಯೂ ನೆಟ್ಟಿರುತ್ತದೆ. ಗಂಡು ಹಕ್ಕಿ ಹಣ್ಣನ್ನು ನೀಡುವ ಕ್ಷಣದ ಚಿತ್ರ ಸಿಕ್ಕಿತೆನ್ನೋಣ. ಕೊಕ್ಕಿನ ಆಕಾರ, ಗರಿಯ ಬಣ್ಣ, ಹಣ್ಣಿನ ಬಗೆ ಇವನ್ನು ಆ ಚಿತ್ರವು ಯಾವ ವರ್ಣನೆಗಿಂತಲೂ ನಿಖರವಾಗಿ ತಿಳಿಸುತ್ತದೆ.

ಆದರೆ ಬೆಳಗಿನಿಂದ ಅದು ಎಷ್ಟು ಸಲ ಬಂದಿತು? ಒಂದು ಸಲಕ್ಕೂ ಮತ್ತೊಂದು ಸಲಕ್ಕೂ ನಡುವೆ ಎಷ್ಟು ಹೊತ್ತು ಕಳೆಯಿತು? ಯಾವ ದಿಕ್ಕಿನಿಂದ ಬಂದಿತು? ಬರುವ ಮೊದಲು ಕೂಗಿತೆ? ಸಮೀಪದಲ್ಲಿ ಹಣ್ಣು ಬಿಟ್ಟ ಮರ ಯಾವುದು? ಈ ಪ್ರಶ್ನೆಗಳಲ್ಲಿ ಒಂದಕ್ಕೂ ಆ ಚಿತ್ರ ಉತ್ತರವನ್ನು ಹೇಳಲಾರದು. ಗಡಿಯಾರವನ್ನೂ ದಿನಚರಿಯನ್ನೂ ಇಟ್ಟುಕೊಂಡು ಪಕ್ಕದಲ್ಲಿ ಕುಳಿತವರು ಮಾತ್ರ ಉತ್ತರಿಸಬಲ್ಲರು. ಅವರು ಬರೆದುಕೊಳ್ಳಬೇಕಾದುದು ಅಲ್ಲಿಯೇ, ಆ ಹೊತ್ತಿನಲ್ಲಿಯೇ. ಮನೆಗೆ ಬಂದು ನೆನಪಿನಿಂದ ಬರೆದರೆ ಕಂಡದ್ದರ ಜೊತೆಗೆ ಊಹಿಸಿಕೊಂಡದ್ದೂ ಸೇರಿಹೋಗುವ ಭಯವಿದೆ. ಏನೂ ಕಾಣದೆ ಬರಿಗೈಯಲ್ಲಿ ಮರಳಿದ ದಿನವನ್ನೂ ದಾಖಲಿಸಬೇಕು. ಹೋದ ವರ್ಷ ಬಂದಿದ್ದ ಹಕ್ಕಿ ಈ ವರ್ಷ ಅದೇ ಮರಕ್ಕೆ ಬರಲಿಲ್ಲ ಎಂಬುದು ಕೂಡ ಮಹತ್ತ್ವದ ಸಂಗತಿಯೇ. ಅದನ್ನು ಯಾವ ಚಿತ್ರವೂ ತೋರಿಸಲಾರದು. ಒಂದು ದಿನ ಒಬ್ಬರು ಕ್ಯಾಮೆರಾವನ್ನು, ಮತ್ತೊಂದು ದಿನ ಇನ್ನೊಬ್ಬರು ಅದನ್ನು ಹಿಡಿದರೆ ಇಬ್ಬರೂ ಎರಡು ವಿದ್ಯೆಗಳಲ್ಲಿಯೂ ಪಳಗುತ್ತಾರೆ.

ಇಲ್ಲಿಯೇ ಒಂದು ಗಂಭೀರವಾದ ಎಚ್ಚರಿಕೆಯೂ ಅಗತ್ಯ. ಒಳ್ಳೆಯ ಚಿತ್ರದ ಆಸೆಯಿಂದ ಛಾಯಾಗ್ರಾಹಕನು ಗೂಡಿಗೆ ಹತ್ತಿರವಾದನೆನ್ನೋಣ. ಹಣ್ಣು ತಂದ ಗಂಡು ಅವನನ್ನು ಕಂಡು ಅಂಜಿ, ಗೂಡಿಗೆ ಬಾರದೆ ದೂರದ ಕೊಂಬೆಯಲ್ಲಿಯೇ ಕುಳಿತುಬಿಡುತ್ತದೆ. ಪೊಟರೆಯೊಳಗಿನ ತಾಯಿ ಹಾರಲಾರದು, ಮರಿ ಹೊರಬರಲಾರದು. ಇಬ್ಬರ ಅನ್ನವೂ ಆ ಒಂದು ಕೊಕ್ಕನ್ನು ಅವಲಂಬಿಸಿದೆ. ಮನುಷ್ಯನಿಗೆ ಅದು ಒಂದು ಚಿತ್ರದ ಪ್ರಶ್ನೆ. ಹಕ್ಕಿಗೆ ಒಂದು ಸಂಸಾರದ ಅಳಿವು ಉಳಿವಿನ ಪ್ರಶ್ನೆ. ಗುಹೆಯ ಬಾವಲಿಗಳ ವಿಷಯದಲ್ಲಿಯೂ ಹೀಗೆಯೇ. ಪ್ರಖರವಾದ ಬೆಳಕಿಗೂ ಗದ್ದಲಕ್ಕೂ ಬೆದರಿ ಅವು ಒಮ್ಮೆಲೇ ಹಾರಿದಾಗ ಇನ್ನೂ ಹಾರಲರಿಯದ ಮರಿಗಳು ನೆಲಕ್ಕೆ ಬಿದ್ದು ಸಾಯುವುದುಂಟು. ಕೆಲವೇ ನೆಲೆಗಳಲ್ಲಿ ಉಳಿದಿರುವ ಜೀವಿಗೆ ಇಂಥ ನಷ್ಟವನ್ನು ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ.

ಆದುದರಿಂದ ವಿವರವನ್ನು ಬರೆದಿಡುವುದು ಬೇರೆ, ಅದನ್ನೆಲ್ಲ ಪ್ರಕಟಿಸುವುದು ಬೇರೆ ಎಂಬುದನ್ನು ಬಲ್ಲವರು ಮರೆಯುವುದಿಲ್ಲ. ಸ್ವಂತ ದಿನಚರಿಯಲ್ಲಿ ಮರ ಯಾವುದು, ಎಲ್ಲಿದೆ ಎಂಬುದೆಲ್ಲವೂ ಇರಬೇಕು. ಲೇಖನದಲ್ಲಿ ಮಾತ್ರ ಗೂಡಿನ ನಿಶ್ಚಿತ ಸ್ಥಳವನ್ನು ತಿಳಿಸದೆ ತಾಲ್ಲೂಕಿನ ಹೆಸರನ್ನು ಹೇಳಿದರೆ ಸಾಕು. ಇಂದಿನ ಮೊಬೈಲು ದೂರವಾಣಿಗಳೂ ಹಲವು ಕ್ಯಾಮೆರಾಗಳೂ ಚಿತ್ರದೊಳಗೇ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಕಣ್ಣಿಗೆ ಕಾಣದಂತೆ ದಾಖಲಿಸಬಲ್ಲವು. ಅಪರೂಪದ ಜೀವಿಯ ಚಿತ್ರವನ್ನು ಹಂಚುವ ಮೊದಲು ಈ ವಿವರವನ್ನು ಅಳಿಸದಿದ್ದರೆ ಬೇಟೆಗಾರನಿಗೆ ದಾರಿ ತೋರಿದಂತಾಗುತ್ತದೆ.

ಕಾನೂನಿನ ಕಟ್ಟಳೆಯೂ ಇದೆ. ಖಾನಾಪುರ ತಾಲ್ಲೂಕಿನ ಸುಮಾರು 190 ಚದರ ಕಿಲೋಮೀಟರು ಕಾಡನ್ನು 2011ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಶಿವಾಜಿಯ ಕಾಲದ ಭೀಮಗಡ ಕೋಟೆಯಿಂದ ಅದಕ್ಕೆ ಆ ಹೆಸರು ಬಂದಿದೆ. ಬಾರಾಪೇಡೆಯ ಗುಹೆಗಳೂ ಈ ಕಾಡಿಗೆ ಸೇರಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಛಾಯಾಗ್ರಹಣಕ್ಕಾಗಿ ವನ್ಯಜೀವಿಧಾಮವನ್ನು ಪ್ರವೇಶಿಸುವವರು ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯಬೇಕು. ಅನುಮತಿ ದೊರೆತರೂ ಪ್ರಾಣಿಗಳಿಗಾಗಲಿ ಅವುಗಳ ನೆಲೆಗಾಗಲಿ ತೊಂದರೆಯನ್ನು ಉಂಟುಮಾಡುವಂತಿಲ್ಲ. ಹುಲಿ, ಕರಡಿ, ಕಾಡುಕೋಣಗಳಿರುವ ಕಾಡಿನಲ್ಲಿ ಈ ಕಟ್ಟಳೆಯು ನೋಡುವವರ ಸುರಕ್ಷಿತತೆಗೂ ಅಗತ್ಯವಾದುದೇ.

ಕಾಡನ್ನು ಅರಿಯಬೇಕಾದವರು ಕಾಡಿನ ಅಂಚಿನಲ್ಲಿ ಬಾಳುವವರ ಮಾತನ್ನೂ ಆಲಿಸಬೇಕು. ಯಾವ ಮರ ಯಾವ ತಿಂಗಳಿನಲ್ಲಿ ಹಣ್ಣು ಬಿಡುತ್ತದೆ, ಕರಡಿ ಯಾವ ಹಾದಿಯಲ್ಲಿ ತಿರುಗಾಡುತ್ತದೆ ಎಂಬುದನ್ನು ತಳೇವಾಡಿ, ಹೆಮ್ಮಡಗಾಗಳಂಥ ಊರುಗಳ ಜನ ಅನುಭವದಿಂದ ಬಲ್ಲರು. ಈ ಗಡಿನಾಡಿನಲ್ಲಿ ಒಂದೇ ಪ್ರಾಣಿಗೆ ಎರಡು ಮೂರು ಹೆಸರುಗಳು ಬಳಕೆಯಲ್ಲಿವೆ. ಕನ್ನಡದ ಕೆಂದಳಿಲು ಮರಾಠಿಯಲ್ಲಿ ಶೇಕರು, ಕಾಡುಕೋಣ ಗವಾ, ಕರಡಿ ಅಸ್ವಲ್. ಈ ಹೆಸರುಗಳನ್ನೆಲ್ಲ ಬರೆದುಕೊಂಡವರಿಗೆ ಊರಿನವರೊಡನೆ ಮಾತು ಸುಲಭವಾಗುತ್ತದೆ. ಮರೆಯಾಗುತ್ತಿರುವ ನುಡಿಗಳೂ ಉಳಿಯುತ್ತವೆ. ನೆರವಾದ ಹಳ್ಳಿಯವರ ಉಪಕಾರವನ್ನು ಲೇಖನದಲ್ಲಿ ಸ್ಮರಿಸುವುದು ಸೌಜನ್ಯ ಮಾತ್ರವಲ್ಲ, ಸತ್ಯವೂ ಹೌದು.

ಉದ್ಯೋಗದ ನಡುವೆ ಇಷ್ಟೆಲ್ಲ ಸಾಧ್ಯವೆ ಎಂಬ ಸಂಶಯ ಬರಬಹುದು. ದೊಡ್ಡ ಪ್ರವಾಸಗಳಿಗಿಂತ ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಹೋಗುವುದೇ ಇಲ್ಲಿ ಹೆಚ್ಚು ಫಲಕಾರಿ. ತಿಂಗಳಿಗೆ ಎರಡು ಬಾರಿ ಅದೇ ಹಾದಿಯಲ್ಲಿ ನಡೆದು ಕಂಡದ್ದನ್ನು ಬರೆದಿಟ್ಟರೆ ಹತ್ತು ವರ್ಷಗಳಲ್ಲಿ ಇನ್ನೂರ ನಲವತ್ತು ದಿನಗಳ ದಾಖಲೆಯಾಗುತ್ತದೆ. ಯಾವ ವಲಸೆ ಹಕ್ಕಿ ಯಾವ ವಾರದಲ್ಲಿ ಬಂದಿತು, ಯಾವ ಹಳ್ಳ ಯಾವ ತಿಂಗಳಿನಲ್ಲಿ ಬತ್ತಿತು, ಮುಂಗಾರಿನ ಮೊದಲ ಮಳೆ ಎಂದು ಬಿದ್ದಿತು ಎಂಬುದನ್ನು ಅದು ತಿಳಿಸಬಲ್ಲದು. ಕಾಡಿಗೆ ಹೋಗಲಾಗದ ವಾರಗಳಲ್ಲಿ ಬೆಳಗಾವಿಯ ಕೋಟೆಯ ಕಂದಕ, ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಹಳೆಯ ಮರಗಳು, ಮನೆಯ ಹಿತ್ತಿಲು ಇವೂ ನೋಡತಕ್ಕ ಸ್ಥಳಗಳೇ. ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತು ಚಿತ್ರಗಳನ್ನೂ ಟಿಪ್ಪಣಿಗಳನ್ನೂ ಹೋಲಿಸಿ, ಹೊಂದದಿರುವ ಕಡೆ ಒಬ್ಬರನ್ನೊಬ್ಬರು ತಿದ್ದಿದರೆ ಬರಹವು ನಂಬಿಕೆಗೆ ಅರ್ಹವಾಗುತ್ತದೆ.

ಕ್ಯಾಪ್ಟನ್ ಬಟ್ಲರ್ ತನ್ನ ಪಟ್ಟಿಯನ್ನು ಬರೆದು ನೂರ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಅಂದು ಬೆಳಗಾವಿಯ ಸುತ್ತ ಇದ್ದ ಹಕ್ಕಿಗಳಲ್ಲಿ ಇಂದು ಯಾವುವು ಉಳಿದಿವೆ, ಯಾವುವು ದೂರವಾಗಿವೆ ಎಂದು ಹೇಳಬೇಕಾದರೆ ಇಂದಿನ ದಾಖಲೆಯೂ ಬೇಕು. ಅದನ್ನು ಸಿದ್ಧಪಡಿಸುವವರು ಪಂಡಿತರೇ ಆಗಿರಬೇಕಾಗಿಲ್ಲ. ತಮ್ಮ ಉದ್ಯೋಗವನ್ನು ನಿಷ್ಠೆಯಿಂದ ಮಾಡುತ್ತ, ಬಿಡುವಿನ ದಿನದಲ್ಲಿ ತಾಳ್ಮೆಯಿಂದ ನೋಡಿ, ಕಂಡಷ್ಟನ್ನೇ ಬರೆಯುವ ಯಾವ ಮನೆಯವರಿಗಾದರೂ ಅದು ಸಾಧ್ಯ. ಸಂಜೆ ಅವರು ಖಾನಾಪುರದ ಹಾದಿಯನ್ನು ಹಿಡಿದು ಹಿಂತಿರುಗುವಾಗ ಗಂಡು ಮಂಗಟ್ಟೆ ನಿರ್ಭಯವಾಗಿ ಗೂಡಿಗೆ ಬಂದು ಹಣ್ಣು ನೀಡುತ್ತಿದ್ದರೆ, ಅಂದು ಒಂದು ಒಳ್ಳೆಯ ಚಿತ್ರ ಸಿಗದಿದ್ದರೂ ಅವರ ಕೆಲಸ ಸರಿಯಾಗಿಯೇ ನಡೆದಿದೆ ಎನ್ನಬೇಕು.